ಯಾವ ಎಡಿಟರ್ ಹಾಕಲಿ, ಕಾಕಾ?

ಅಣ್ಣನ ಮಗಳು ಪದವಿ ಮುಗಿಸಿ ಮಡಗಾಂವದ ಒಂದು ಸಣ್ಣ ವೆಬ್ ಕಚೇರಿಯಲ್ಲಿ ಕೆಲಸ ಕಲಿಯಲು ಸೇರಿದ್ದಾಳೆ. ಮನೆ ಝುವಾರಿನಗರದಲ್ಲಿ, ಬಸ್ಸಿನವರು ಇಂದಿಗೂ ‘ಬಿರ್ಲಾ, ಬಿರ್ಲಾ’ ಎಂದು ಕೂಗುವ ಕಡೆ. 2004ರಲ್ಲಿ ಶುರುವಾದ ಬಿಟ್ಸ್ ಕ್ಯಾಂಪಸ್ಸಿನ ಕಟ್ಟಡಗಳಲ್ಲಿ ಅವಳಪ್ಪ ಸೆಂಟ್ರಿಂಗ್ ಕೆಲಸ ಮಾಡಿದವನು. ರೋಣ ತಾಲ್ಲೂಕಿನಿಂದ ಬಂದ ನಮ್ಮ ಮನೆತನದಲ್ಲಿ ಕೋಡ್ ಬರೆದು ಸಂಬಳ ತರುವ ಮೊದಲ ಹೆಣ್ಣುಮಗಳು ಅವಳೇ. ಮೊನ್ನೆ ಫೋನ್ ಮಾಡಿ, “ಕಾಕಾ, ಲ್ಯಾಪ್‌ಟಾಪ್ ಭಾಳ ಒದ್ದಾಡಾಕ ಹತ್ತೇತಿ. ಎಡಿಟರ್ ಬದ್ಲಿ ಮಾಡ್ಲೇನು? ಯಾವ್ದು ಹಾಕ್ಲಿ?” ಅಂದಳು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಇಪ್ಪತ್ತು ವರ್ಷದಿಂದ ವಾಸ್ಕೋದಲ್ಲಿ ಕೂತು ಗೆಸ್ಟ್‌ಹೌಸು, ಶಾಲೆ, ಅಂಗಡಿಗಳಿಗೆ ಪಿಎಚ್‌ಪಿ ಬರೆದುಕೊಂಡು ಬಂದವನು ನಾನು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವೆಂದು ಅವಳಿಗೆ ಬರೆದು ಕಳಿಸುತ್ತಿದ್ದೇನೆ. ಮಗಳೇ, ನಮ್ಮ ಓಣಿಯ ಬೇರೆ ಹುಡುಗರಿಗೂ ಓದಲು ಕೊಡು.

• ಮೊದಲು ಅಳೆ, ಆಮೇಲೆ ಬದಲಿಸು. ‘ಒದ್ದಾಡುತ್ತದೆ’ ಅಂದರೆ ಏನು? ತೆರೆಯಲು ತಡವೋ, ಕೀಲಿ ಒತ್ತಿದ ಮೇಲೆ ಅಕ್ಷರ ಮೂಡಲು ತಡವೋ, ಹುಡುಕಲು ತಡವೋ, ಅಥವಾ ಬರೆದದ್ದನ್ನು ಬ್ರೌಸರಿನಲ್ಲಿ ನೋಡಲು ತಡವೋ? ನಾಲ್ಕೂ ಬೇರೆ ಬೇರೆ ರೋಗ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಅರ್ಧ ಗಂಟೆ ನಿನ್ನ ಎಂದಿನ ಕೆಲಸ ಮಾಡು. ಮೆಮೊರಿ ತೊಂಬತ್ತರ ಮೇಲೆ ಹೋಗಿ ಡಿಸ್ಕ್ ನೂರಕ್ಕೆ ಅಂಟಿಕೊಂಡರೆ, ರ‍್ಯಾಮ್ ತುಂಬಿ ಯಂತ್ರ ಡಿಸ್ಕಿನ ಮೇಲೆ ಲೆಕ್ಕ ಇಡುತ್ತಿದೆ ಎಂದರ್ಥ. ಆ ಹೊತ್ತಿಗೆ ಬ್ರೌಸರಿನಲ್ಲಿ ಎಷ್ಟು ಟ್ಯಾಬ್ ತೆರೆದಿವೆ ಎಣಿಸು. ಎಡಿಟರಿನ ತಲೆಗೆ ಕಟ್ಟುವ ಅಪವಾದದಲ್ಲಿ ಅರ್ಧ ಬ್ರೌಸರಿನದ್ದು.

• ಎಡಿಟರಿಗೆ ಮುಂಚೆ ಡಿಸ್ಕ್ ಬದಲಿಸು. ಹಾರ್ಡ್ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿದು ಓದಲು ಹೆಚ್ಚುಕಡಿಮೆ 10 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಅದರ ನೂರನೇ ಪಾಲು ಸಾಕು. ವೆಬ್ ಪ್ರಾಜೆಕ್ಟ್ ಎಂದರೆ ಸಾವಿರಾರು ಸಣ್ಣ ಸಣ್ಣ ಫೈಲು, ಪ್ರತಿಯೊಂದಕ್ಕೂ ಮುಳ್ಳು ಸರಿಯಬೇಕು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದವರು ‘ಹೊಸದೇ ತಗೊಂಡಂಗಾತು’ ಅನ್ನುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ರ‍್ಯಾಮಿಗೆ ಇನ್ನೊಂದು ಸ್ಲಾಟ್ ಖಾಲಿ ಇದ್ದರೆ 8 ಜಿಬಿ ಮಾಡಿಸು. ಈ ಎರಡು ಖರ್ಚಿನ ಮುಂದೆ ಎಡಿಟರಿನ ಆಯ್ಕೆ ಚಿಕ್ಕ ವಿಷಯ. ಮೊದಲ ಸಂಬಳದಲ್ಲಿ ಮನೆಗೆ ಸೀರೆ ತರುತ್ತೇನೆ ಅಂತ ನೀನು ಹೇಳುತ್ತಿದ್ದುದು ಗೊತ್ತು. ಎರಡನೇ ಸಂಬಳದಲ್ಲಿ ತಾ, ನಿಮ್ಮವ್ವ ಬೇಸರ ಮಾಡಿಕೊಳ್ಳುವುದಿಲ್ಲ.

• ಎಡಿಟರ್ ಯಾವುದರಿಂದ ಕಟ್ಟಿದ್ದು ಎಂದು ತಿಳಿದಿರಲಿ. ವಿಎಸ್ ಕೋಡ್ 2015ರಲ್ಲಿ ಮೈಕ್ರೋಸಾಫ್ಟ್ ಹೊರತಂದದ್ದು. ಅದರ ತಳದಲ್ಲಿರುವುದು ಎಲೆಕ್ಟ್ರಾನ್. ಎಲೆಕ್ಟ್ರಾನ್ ಅಂದರೆ ಹೊಟ್ಟೆಯಲ್ಲಿ ಒಂದು ಇಡೀ ಕ್ರೋಮಿಯಂ ಬ್ರೌಸರು ಮತ್ತು ನೋಡ್. ಹಾಗಾಗಿ ವಿಎಸ್ ಕೋಡ್ ಮತ್ತು ಕ್ರೋಮ್ ಎರಡನ್ನೂ ತೆರೆದಾಗ ನಿನ್ನ 4 ಜಿಬಿ ಎರಡು ಬ್ರೌಸರನ್ನು ಸಾಕುತ್ತಿರುತ್ತದೆ. ಸಬ್ಲೈಮ್ ಟೆಕ್ಸ್ಟ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇವು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದವು, ನೇರ ಯಂತ್ರದ ಮೇಲೆ ಓಡುತ್ತವೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆರೆದುಕೊಳ್ಳುತ್ತವೆ. ಪಿಎಚ್‌ಪಿಸ್ಟಾರ್ಮ್ ಜಾವಾದ ಮೇಲೆ ನಿಂತದ್ದು. ಪ್ರಾಜೆಕ್ಟಿನ ಪ್ರತಿಯೊಂದು ಹೆಸರನ್ನೂ ಮೊದಲೇ ಓದಿ ಸೂಚಿ ಮಾಡಿಟ್ಟುಕೊಳ್ಳುತ್ತದೆ. ಆ ಸೂಚಿ ಮಾಡುವಾಗ ಭಾರ, ಆದ ಮೇಲೆ ಅದರಷ್ಟು ಜಾಣತನದಿಂದ ಪಿಎಚ್‌ಪಿ ಓದುವುದು ಇನ್ನೊಂದಿಲ್ಲ. ಝೆಡ್ ಎಂಬುದು ಈಚಿನದು, ರಸ್ಟ್ ಭಾಷೆಯಲ್ಲಿದೆ, ತೆರೆಯನ್ನು ಗ್ರಾಫಿಕ್ಸ್ ಚಿಪ್ಪಿನಿಂದ ಬರೆಸುತ್ತದೆ. ಹಳೆಯ ಗ್ರಾಫಿಕ್ಸ್ ಇರುವ ನಿನ್ನ ಲ್ಯಾಪ್‌ಟಾಪಿಗೆ ಅದನ್ನು ನಾನು ಶಿಫಾರಸು ಮಾಡಲಾರೆ.

• ಎಲೆಕ್ಟ್ರಾನ್ ಆದ್ದರಿಂದಲೇ ಕೆಟ್ಟದ್ದು ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡ. ವಿಎಸ್ ಕೋಡ್ ಕಟ್ಟಿದವರು 2018ರಲ್ಲಿ ಒಂದು ಸಂಗತಿ ಬರೆದಿದ್ದರು. ಒಬ್ಬ ಬಳಕೆದಾರ 35 ಎಂಬಿ ಫೈಲು ತೆರೆಯಲು ಹೋಗಿ ಸೋತಿದ್ದ. ನೋಡಿದರೆ ಅದರಲ್ಲಿ 1 ಕೋಟಿ 37 ಲಕ್ಷ ಸಾಲು. ಎಡಿಟರು ಪ್ರತಿ ಸಾಲಿಗೂ ಒಂದೊಂದು ಬೇರೆ ವಸ್ತು ಮಾಡಿ ನೆನಪಿನಲ್ಲಿ ಇಡುತ್ತಿತ್ತು. 35 ಎಂಬಿ ಫೈಲಿಗೆ ಸುಮಾರು 600 ಎಂಬಿ ಮೆಮೊರಿ ಹೋಗುತ್ತಿತ್ತು. ಅವರು ಸಾಲುಗಳ ಪಟ್ಟಿಯನ್ನೇ ಬಿಟ್ಟು, ಫೈಲನ್ನು ತುಂಡುತುಂಡಾಗಿ ಮರದ ಆಕಾರದಲ್ಲಿ ಜೋಡಿಸುವ ವಿಧಾನಕ್ಕೆ ಹೊರಳಿದರು, ಭಾರ ಇಳಿಯಿತು. ಭಾಷೆ ಅದೇ ಜಾವಾಸ್ಕ್ರಿಪ್ಟ್, ಬದಲಾದದ್ದು ದತ್ತಾಂಶವನ್ನು ಇಡುವ ರೀತಿ. ನೀನು ನಾಳೆ ಬರೆಯುವ ಸ್ಕ್ರಿಪ್ಟಿನಲ್ಲೂ ಇದೇ ಪ್ರಶ್ನೆ ಬರುತ್ತದೆ, ಈ ಕಥೆ ಆಗ ನೆನಪಾಗಲಿ.

• ವಿಎಸ್ ಕೋಡ್ ಇಟ್ಟುಕೊಳ್ಳುವುದಾದರೆ ಎಕ್ಸ್‌ಟೆನ್ಶನ್ ಕಡಿಮೆ ಮಾಡು. ಆರು ಸಾಕು, ಅದರ ಮೇಲೆ ಬೇಡ. ಯಾವುದು ಭಾರ ಎಂದು ಊಹಿಸಬೇಕಾಗಿಲ್ಲ, ಅದರಲ್ಲೇ ಉಪಾಯ ಇದೆ. ಕಮಾಂಡ್ ಪ್ಯಾಲೆಟ್ಟಿನಲ್ಲಿ ‘ಸ್ಟಾರ್ಟಪ್ ಪರ್ಫಾರ್ಮೆನ್ಸ್’ ಎಂದು ಹುಡುಕಿದರೆ ತೆರೆಯುವಾಗ ಯಾವುದಕ್ಕೆ ಎಷ್ಟು ಮಿಲಿಸೆಕೆಂಡ್ ಹೋಯಿತು ಎಂಬ ಪಟ್ಟಿ ಬರುತ್ತದೆ. ‘ಪ್ರೊಸೆಸ್ ಎಕ್ಸ್‌ಪ್ಲೋರರ್’ ಯಾವ ಭಾಗ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುತ್ತದೆ. ‘ಎಕ್ಸ್‌ಟೆನ್ಶನ್ ಬೈಸೆಕ್ಟ್’ ಅರ್ಧ ಅರ್ಧ ಬಂದ್ ಮಾಡುತ್ತಾ ಹೋಗಿ ಕಾಟ ಕೊಡುವ ಒಂದನ್ನು ಹಿಡಿದುಕೊಡುತ್ತದೆ. ಆವರಣಗಳ ಜೋಡಿಗೆ ಬಣ್ಣ ಹಚ್ಚುವ ಎಕ್ಸ್‌ಟೆನ್ಶನ್ ಒಂದು ಕಾಲಕ್ಕೆ ಎಲ್ಲರ ಹತ್ತಿರ ಇತ್ತು, ದೊಡ್ಡ ಫೈಲಿನಲ್ಲಿ ಅಕ್ಷರ ಹೊಡೆದರೆ ತಡೆದು ತಡೆದು ಬರುತ್ತಿತ್ತು. 2021ರಲ್ಲಿ ಅದೇ ಕೆಲಸವನ್ನು ಎಡಿಟರಿನೊಳಗೇ ತಂದರು, ಹತ್ತು ಸಾವಿರ ಪಟ್ಟು ವೇಗ ಎಂದು ಅವರೇ ಬರೆದರು. ಆದರೂ ಹಳೆಯ ಪಾಠ ನೋಡಿ ಆ ಎಕ್ಸ್‌ಟೆನ್ಶನ್ ಹಾಕಿಕೊಳ್ಳುವ ಹುಡುಗರನ್ನು ಈಗಲೂ ಕಾಣುತ್ತೇನೆ. ನಿನ್ನ ಪಟ್ಟಿಯಲ್ಲೂ ಇದ್ದೀತು, ತೆಗೆ. ಬಲಗಡೆಯ ಸಣ್ಣ ನಕ್ಷೆಯನ್ನೂ ಬಂದ್ ಮಾಡಿಬಿಡು.

• ನೋಡ್ ಮಾಡ್ಯೂಲ್ಸ್ ಫೋಲ್ಡರು ಮತ್ತು ಪಿಎಚ್‌ಪಿಯ ವೆಂಡರ್ ಫೋಲ್ಡರು ಹತ್ತಾರು ಸಾವಿರ ಫೈಲುಗಳ ಗೋದಾಮು. ಎಡಿಟರು ಅವನ್ನೂ ಕಾಯುತ್ತಾ ಕೂರದಂತೆ ‘ವಾಚರ್ ಎಕ್ಸ್‌ಕ್ಲೂಡ್’, ‘ಸರ್ಚ್ ಎಕ್ಸ್‌ಕ್ಲೂಡ್’ ಎರಡರಲ್ಲೂ ಹೆಸರು ಸೇರಿಸಿದೆಯಾ ನೋಡು. ಹಾಗೆಯೇ ಇಡೀ ಡಿ ಡ್ರೈವನ್ನು ಫೋಲ್ಡರಾಗಿ ತೆರೆಯಬೇಡ. ಒಂದು ಪ್ರಾಜೆಕ್ಟ್, ಒಂದು ಕಿಟಕಿ.

• ಎಸ್‌ಎಸ್‌ಡಿ ಹಾಕಿಸುವ ತನಕ ನನ್ನ ಮಾತು ಕೇಳಿ ಹಗುರ ಎಡಿಟರಿನಲ್ಲೇ ಕೆಲಸ ಮಾಡು. ವಿಂಡೋಸ್ ಇದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, 2003ರಿಂದ ಇದೆ, ಉಚಿತ. ಲಿನಕ್ಸ್ ಹಾಕಿಕೊಂಡರೆ ಜೀನಿ ಅಥವಾ ಕೇಟ್. ಇವುಗಳಲ್ಲಿ ಬಣ್ಣ ಹಚ್ಚುವುದು, ಹುಡುಕಿ ಬದಲಿಸುವುದು, ಹಲವು ಫೈಲು ಒಟ್ಟಿಗೆ ತೆರೆಯುವುದು ಎಲ್ಲ ಇದೆ. ಕಲಿಯುವವಳಿಗೆ ಮೊದಲ ಆರು ತಿಂಗಳಿಗೆ ಅಷ್ಟು ಧಾರಾಳವಾಯಿತು. ಸಬ್ಲೈಮ್ ಟೆಕ್ಸ್ಟ್ ನನಗೆ ಎಲ್ಲಕ್ಕಿಂತ ಇಷ್ಟ. ಅದಕ್ಕೆ ಹಣ ಕೊಡಬೇಕು, ಆದರೆ ಪರೀಕ್ಷಿಸಿ ನೋಡಲು ಗಡುವು ಹಾಕಿಲ್ಲ. ಕೈಗೆ ಒಗ್ಗಿದರೆ ದುಡ್ಡು ಕೂಡಿಸಿ ಕೊಂಡುಕೋ. ಕ್ರ್ಯಾಕ್ ಮಾಡಿದ್ದು ಯಾರಾದರೂ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಮುಟ್ಟಬೇಡ. ಗಿರಾಕಿಯ ಸರ್ವರಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರ ಅದು.

• ಹಗುರ ಎಡಿಟರಿಗೆ ಬಂದರೆ ಹೆಸರು ತಾನಾಗಿ ಪೂರ್ತಿಯಾಗುವ ಅನುಕೂಲ ಹೋಗುತ್ತದೆ ಅನ್ನುವ ಭಯ ಬೇಡ. ಮೊದಲು ಹತ್ತು ಎಡಿಟರು, ಹತ್ತು ಭಾಷೆ ಇದ್ದರೆ ನೂರು ಜೋಡಣೆ ಬೇಕಾಗುತ್ತಿತ್ತು. 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಂತು. ಈಗ ಭಾಷೆಗೊಂದು ಸರ್ವರ್ ಬರೆದರೆ ಅದು ಆ ಪ್ರೋಟೋಕಾಲ್ ಬಲ್ಲ ಎಲ್ಲ ಎಡಿಟರಿಗೂ ಆಗುತ್ತದೆ. ಸಬ್ಲೈಮ್, ಕೇಟ್, ನಿಯೋವಿಮ್ ಎಲ್ಲದರಲ್ಲೂ ಅದೇ ಸಲಹೆ ಬರುತ್ತದೆ. ಒಂದು ಎಚ್ಚರ ಮಾತ್ರ: ಭಾರ ಇರುವುದು ಆ ಸರ್ವರಿನಲ್ಲಿ. ಎಡಿಟರ್ ಬದಲಿಸಿ ಅದೇ ಸರ್ವರನ್ನು ಹಾಕಿಕೊಂಡರೆ ಅದರ ಮೆಮೊರಿಯೂ ಜೊತೆಗೇ ಬರುತ್ತದೆ.

• ವಿಮ್ ಕಲಿ. ಪೂರ್ತಿ ಬೇಡ, ತೆರೆಯುವುದು, ತಿದ್ದುವುದು, ಹುಡುಕುವುದು, ಉಳಿಸುವುದು, ಹೊರಬರುವುದು. ಒಂದು ವಾರದ ಸಂಜೆಗಳು ಸಾಕು. ಏಕೆಂದರೆ ಸರ್ವರಿಗೆ ಲಾಗಿನ್ ಆದಾಗ ನಿನ್ನ ಪ್ರೀತಿಯ ಎಡಿಟರು ಅಲ್ಲಿ ಇರುವುದಿಲ್ಲ, ವಿಐ ಅಥವಾ ನ್ಯಾನೋ ಇರುತ್ತದೆ. ವಿಎಸ್ ಕೋಡಿನಿಂದ ದೂರದ ಸರ್ವರಿಗೆ ಸೇರುವ ವ್ಯವಸ್ಥೆ ಇದೆ, ಆದರೆ ಅದು ಆ ಕಡೆಯೂ ತನ್ನದೊಂದು ಭಾಗವನ್ನು ಕೂರಿಸುತ್ತದೆ. ಅದಕ್ಕೆ ಕನಿಷ್ಠ 1 ಜಿಬಿ, ಸರಾಗವಾಗಿ ನಡೆಯಲು 2 ಜಿಬಿ ರ‍್ಯಾಮ್ ಬೇಕೆಂದು ಅವರೇ ಹೇಳುತ್ತಾರೆ. ನಮ್ಮ ಗಿರಾಕಿಗಳ ಅಗ್ಗದ ಸರ್ವರಿನಲ್ಲಿ ಒಟ್ಟು ಇರುವುದೇ ಅಷ್ಟು. ಅದನ್ನೂ ನೀನೇ ತಿಂದರೆ ಸೈಟು ಎಲ್ಲಿ ಓಡಬೇಕು?

ವಿಮ್‌ಗೆ ಮೂಲವಾದ ವಿಐ ಹುಟ್ಟಿದ್ದೇ ಕೊರತೆಯಲ್ಲಿ. 1976ರಲ್ಲಿ ಬಿಲ್ ಜಾಯ್ ಅದನ್ನು ಬರೆದಾಗ ಅವನ ಸಂಪರ್ಕ 300 ಬಾಡ್ ಮೋಡೆಮ್ ಮೂಲಕ. ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ತೆರೆ ಒಮ್ಮೆ ತುಂಬಲು ನಿಮಿಷದ ಮೇಲಾಗುತ್ತಿತ್ತು. ಅದಕ್ಕೇ ಆಜ್ಞೆಗಳು ಒಂದೆರಡು ಅಕ್ಷರದವು, ಅದಕ್ಕೇ ತೆರೆಯಲ್ಲಿ ಬದಲಾದಷ್ಟನ್ನೇ ಬರೆಯುವ ಮಿತವ್ಯಯ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಒಂದು ಗೆರೆಗೆ ಇಳಿದಾಗ ಸರ್ವರಿನಲ್ಲಿ ವಿಮ್ ತೆರೆದು ನೋಡು, ಐವತ್ತು ವರ್ಷದ ಹಿಂದಿನ ಆ ಮಿತವ್ಯಯ ಝುವಾರಿನಗರದಲ್ಲಿ ಕೂತ ನಿನ್ನ ಕೆಲಸಕ್ಕೆ ಬರುತ್ತದೆ. 1991ರಲ್ಲಿ ವಿಮ್ ಹೊರತಂದ ಬ್ರಾಮ್ ಮೂಲೆನಾರ್ ಅದಕ್ಕೆ ಬೆಲೆ ಇಡಲಿಲ್ಲ. ಉಗಾಂಡಾದ ಕಿಬಾಲೆಯ ಮಕ್ಕಳಿಗೆ ಸಹಾಯ ಮಾಡಿ ಎಂದು ಕೇಳಿದರು. ವಿಮ್ ತೆರೆದಾಗ ಮೊದಲ ತೆರೆಯಲ್ಲೇ ಆ ಕೋರಿಕೆ ಕಾಣುತ್ತದೆ. ಅವರು 2023ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಕೆಲಸದಿಂದ ಉಂಡವರಲ್ಲಿ ನಾನೂ ಒಬ್ಬ, ಅದಕ್ಕೆ ನಿನಗೆ ಹೆಸರು ಹೇಳಿಡುತ್ತಿದ್ದೇನೆ.

• ಎಡಿಟರಿಗೆ ಕನ್ನಡದ ಪರೀಕ್ಷೆ ಮಾಡು. ಇದನ್ನು ಯಾವ ಪಾಠದಲ್ಲೂ ಹೇಳುವುದಿಲ್ಲ. ಇಲ್ಲಿ ಒಂದೇ ಸೈಟಿನಲ್ಲಿ ಇಂಗ್ಲಿಷ್, ದೇವನಾಗರಿಯಲ್ಲಿ ಕೊಂಕಣಿ, ಕನ್ನಡ ಮೂರೂ ಬರಬಹುದು. ಹೊಸ ಎಡಿಟರ್ ಹಾಕಿದ ಕೂಡಲೇ ಈ ಸಾಲು ಟೈಪ್ ಮಾಡು: ಲಕ್ಷ್ಮಿ, ಸ್ತ್ರೀ, ರಾಷ್ಟ್ರ, ಅರ್ಹ, ಜ್ಯೋತ್ಸ್ನಾ. ಒತ್ತಕ್ಷರ ಬುಡದಲ್ಲಿ ಕತ್ತರಿಸಿ ಹೋಗುತ್ತಿದೆಯೇ? ಹೋದರೆ ಸಾಲಿನ ಎತ್ತರ ಹೆಚ್ಚಿಸು. ಕರ್ಸರು ಅಕ್ಷರದ ನಡುವೆ ಸಿಕ್ಕಿಕೊಳ್ಳುತ್ತದೆಯೇ? ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತು ಮಾತ್ರ ಹೋಗುತ್ತದೋ ಇಡೀ ಅಕ್ಷರವೋ? ಮತ್ತೆ ‘ರಾಷ್ಟ್ರ’ ಹುಡುಕಿದರೆ ಸಿಗುತ್ತದೆಯೇ? ಕೋಡಿಗೆ ಹಾಕುವ ಒಂದೇ ಅಗಲದ ಫಾಂಟುಗಳಲ್ಲಿ ಕನ್ನಡ ಇರುವುದಿಲ್ಲ, ಎಡಿಟರು ಬೇರೆ ಫಾಂಟಿನಿಂದ ಎರವಲು ತರುತ್ತದೆ. ಆ ಎರವಲು ಯಾವುದಿರಬೇಕೆಂದು ನೀನೇ ಹೇಳು: ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಲಿನಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ಗುಬ್ಬಿ. ಹೆಚ್ಚಿನ ಟರ್ಮಿನಲ್ಲುಗಳು ಅಕ್ಷರಕ್ಕೊಂದು ಚೌಕದ ಲೆಕ್ಕದಲ್ಲಿ ನಡೆಯುವುದರಿಂದ ವಿಮ್‌ನಲ್ಲಿ ಕನ್ನಡ ಒಡೆದು ಕಂಡರೆ ಗಾಬರಿಯಾಗಬೇಡ. ಫೈಲು ಕೆಟ್ಟಿರುವುದಿಲ್ಲ, ತೋರಿಕೆ ಮಾತ್ರ ಹಾಗೆ. ಕನ್ನಡ ಬರೆಯುವ ಫೈಲುಗಳನ್ನು ಕಿಟಕಿಯ ಎಡಿಟರಿನಲ್ಲೇ ತಿದ್ದು.

‘ಗೋವಾ’ ಎಂಬ ಹೆಸರನ್ನೇ ತೆಗೆದುಕೋ. ಕಣ್ಣಿಗೆ ಎರಡು ಅಕ್ಷರ. ಜಾವಾಸ್ಕ್ರಿಪ್ಟಿಗೆ ಉದ್ದ ಕೇಳಿದರೆ 4 ಅನ್ನುತ್ತದೆ: ಗ, ಓಕಾರದ ಗುರುತು, ವ, ಆಕಾರದ ಗುರುತು. ಪಿಎಚ್‌ಪಿಯ ಸಾದಾ ಉದ್ದ ಬೈಟ್ ಎಣಿಸುತ್ತದೆ, ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಗುರುತಿಗೆ 3 ಬೈಟು, ಆದ್ದರಿಂದ 12. ಎರಡು ಅಂತ ಉತ್ತರ ಬೇಕಾದರೆ ಗ್ರಾಫೀಮ್ ಎಣಿಸುವ ಬೇರೆ ಫಂಕ್ಷನ್ ಬೇಕು. ಹೆಸರಿನ ಕಾಲಂಗೆ 20 ಅಕ್ಷರದ ಮಿತಿ ಹಾಕುವಾಗ ಯಾವ ಇಪ್ಪತ್ತು ಎಂದು ಕೇಳಿಕೋ. ಇನ್ನೂ ಸೂಕ್ಷ್ಮ ಇದೆ. ಆ ಓಕಾರವನ್ನು ಒಂದೇ ಗುರುತಾಗಿಯೂ ಬರೆಯಬಹುದು, ಒಕಾರ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ನಾನೊಮ್ಮೆ ಒಂದು ಶಾಲೆಗೆ ಮಕ್ಕಳ ಹೆಸರು ಹುಡುಕುವ ಪುಟ ಮಾಡಿಕೊಟ್ಟೆ. ಮನೋಜ ಎಂಬ ಹುಡುಗ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದ, ಹುಡುಕಿದರೆ ಸಿಗುತ್ತಿರಲಿಲ್ಲ. ಎರಡು ದಿನ ಕೂತು ಬೈಟು ಬೈಟು ನೋಡಿದ ಮೇಲೆ ತಿಳಿದದ್ದು ಇದು. ಅಂದಿನಿಂದ ಬರುವ ಪಠ್ಯವನ್ನೆಲ್ಲ ಒಂದೇ ರೂಪಕ್ಕೆ ತಂದು, ಅಂದರೆ ನಾರ್ಮಲೈಸ್ ಮಾಡಿಯೇ ಒಳಗೆ ಬಿಡುತ್ತೇನೆ. ರ‍್ಯಾಂಕ್, ರ‍್ಯಾಲಿ ಬರೆಯುವಾಗ ಸೇರುವ ಕಾಣದ ಜೋಡಣೆಯ ಗುರುತೂ ಇಂಥದ್ದೇ, ನಾರ್ಮಲೈಸ್ ಮಾಡಿದರೂ ಅದು ಹೋಗುವುದಿಲ್ಲ. ಸೊನ್ನೆ ಅಂಕಿಯನ್ನು ಅನುಸ್ವಾರದ ಜಾಗದಲ್ಲಿ ಟೈಪ್ ಮಾಡಿದವರ ಪಠ್ಯವೂ ಬರುತ್ತದೆ. ಕಾಣದ ಗುರುತುಗಳನ್ನು ಎತ್ತಿ ತೋರಿಸುವ ಸೌಕರ್ಯ ಇರುವ ಎಡಿಟರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ, ವಿಎಸ್ ಕೋಡಿನಲ್ಲಿ ಅದು ಇದೆ.

ಕನ್ನಡ ಸಂಘದ ಹಿರಿಯರು ನುಡಿ, ಬರಹ ತಂತ್ರಾಂಶಗಳ ಹಳೆಯ ಫೈಲು ಕೊಟ್ಟರೆ ಅದನ್ನು ನೇರ ಅಂಟಿಸಬೇಡ. ಹಳೆಯ ಫಾಂಟಿನ ಪಠ್ಯವಾಗಿದ್ದರೆ ಎಡಿಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿ, ಒಮ್ಮೆ ಅವರ ಮುಂದೆಯೇ ಓದಿ ನೋಡಿ, ಆಮೇಲೆ ಹಾಕು. ಮದುವೆ ಆಮಂತ್ರಣವಾಗಲಿ ಸಭೆಯ ವರದಿಯಾಗಲಿ, ತಮ್ಮ ಹೆಸರು ತಪ್ಪಾಗಿ ಬಂದರೆ ಜನಕ್ಕೆ ನೋವಾಗುತ್ತದೆ.

• ಯುಟಿಎಫ್-8 ಎಂದು ಉಳಿಸುವಾಗ ‘ಬಾಮ್ ಇಲ್ಲದೆ’ ಎಂಬುದನ್ನೇ ಆರಿಸು. ವಿಂಡೋಸಿನ ಹಳೆಯ ನೋಟ್‌ಪ್ಯಾಡು ಫೈಲಿನ ತಲೆಗೆ ಬಾಮ್ ಎಂಬ ಕಾಣದ ಮೂರು ಬೈಟು ಸೇರಿಸುತ್ತಿತ್ತು, 2019ರ ನಂತರವೇ ಆ ರೂಢಿ ಬಿಟ್ಟಿತು. ಪಿಎಚ್‌ಪಿ ಆ ಮೂರು ಬೈಟನ್ನು ಪುಟದ ಪಠ್ಯ ಎಂದು ಮೊದಲೇ ಹೊರಗೆ ಕಳಿಸಿಬಿಡುತ್ತದೆ. ಆಮೇಲೆ ಲಾಗಿನ್ ಕುಕಿ ಇಡಲು ಹೋದರೆ ‘ಹೆಡರ್ಸ್ ಆಲ್ರೆಡಿ ಸೆಂಟ್’. ಕೋಡಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ತಪ್ಪು ಇರುವುದು ಮೊದಲ ಸಾಲಿಗಿಂತ ಮುಂಚೆ.

• ಕರೆಂಟು ಹೋದರೆ ನಿನ್ನ ಎಡಿಟರು ಏನು ಮಾಡುತ್ತದೆ? ಗೋವೆಯಲ್ಲಿ ಜೂನ್ ಬಂದಿತೆಂದರೆ ಇದು ಮೊದಲ ಪ್ರಶ್ನೆ, ಅದೂ ಬ್ಯಾಟರಿ ಸತ್ತ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ವಿಎಸ್ ಕೋಡು, ಸಬ್ಲೈಮು ಉಳಿಸದ ಬರಹವನ್ನೂ ಮತ್ತೆ ತೆರೆದಾಗ ತಂದುಕೊಡುತ್ತವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ 7 ಸೆಕೆಂಡಿಗೊಮ್ಮೆ ಪ್ರತಿ ತೆಗೆದಿಡುತ್ತದೆ. ವಿಮ್ 200 ಅಕ್ಷರಕ್ಕೊಮ್ಮೆ ಅಥವಾ 4 ಸೆಕೆಂಡು ಕೈ ನಿಂತಾಗ ಪಕ್ಕದ ಫೈಲಿನಲ್ಲಿ ಬರೆದಿಡುತ್ತದೆ. ಹೊಸ ಎಡಿಟರನ್ನು ಒಪ್ಪುವ ಮೊದಲು ಇದನ್ನು ಮಾಡಿ ನೋಡು: ಹತ್ತು ಸಾಲು ಬರೆ, ಉಳಿಸಬೇಡ, ಟಾಸ್ಕ್ ಮ್ಯಾನೇಜರಿನಿಂದ ಎಡಿಟರನ್ನು ಕೊಂದುಬಿಡು, ಮತ್ತೆ ತೆರೆ. ಸಾಲು ಬಂದವೇ?

• ಓಡುತ್ತಿರುವ ಸೈಟಿನ ಫೈಲನ್ನು ಎಫ್‌ಟಿಪಿ ಮೂಲಕ ಎಡಿಟರಿನಲ್ಲೇ ತೆರೆದು ತಿದ್ದಬೇಡ. ಇದನ್ನು ನಾನು ನೋವಿನಿಂದ ಹೇಳುತ್ತೇನೆ. ಒಂದು ಜುಲೈ ಸಂಜೆ, ವಾಸ್ಕೋದ ಬಾಯಣಾದಲ್ಲಿ ಬಾಡಿಗೆ ಕೋಣೆ, ಮಳೆ ಹೊಯ್ಯುತ್ತಿತ್ತು. ಒಂದು ಗೆಸ್ಟ್‌ಹೌಸಿನ ದರಪಟ್ಟಿ ತಿದ್ದಿ ಕಂಟ್ರೋಲ್-ಎಸ್ ಒತ್ತಿದೆ. ಆ ಕ್ಷಣಕ್ಕೆ ಕರೆಂಟು ಹೋಯಿತು, ಮೋಡೆಮಿನ ಹಸಿರು ದೀಪ ಆರಿತು. ಎಫ್‌ಟಿಪಿ ಹಳೆಯ ಫೈಲನ್ನು ಖಾಲಿ ಮಾಡಿ ಹೊಸದನ್ನು ಬರೆಯಲು ಶುರುಮಾಡಿತ್ತು, ಅಷ್ಟರಲ್ಲಿ ಸಂಪರ್ಕ ಕಡಿಯಿತು. ಸರ್ವರಿನಲ್ಲಿ ಉಳಿದದ್ದು ಸೊನ್ನೆ ಬೈಟಿನ ಫೈಲು. ರಾತ್ರಿ ಹನ್ನೊಂದಕ್ಕೆ ಕರೆಂಟು ಬರುವ ತನಕ ಆ ಸೈಟು ಬಿಳಿ ಹಾಳೆ. ನನ್ನ ಹತ್ತಿರ ಬೇರೆ ಪ್ರತಿ ಇರಲಿಲ್ಲ. ನೀನು ಗಿಟ್ ಕಲಿತಿದ್ದೀಯ, ಅದನ್ನೇ ಹಿಡಿದುಕೋ. ನಿನ್ನ ಯಂತ್ರದಲ್ಲಿ ತಿದ್ದು, ನೋಡು, ಕಮಿಟ್ ಮಾಡು, ಆಮೇಲೆ ಕಳಿಸು. ನೋಡಲಿಕ್ಕೆ ಭಾರದ ಸರ್ವರ್ ಪ್ಯಾಕೇಜು ಬೇಕಾಗಿಲ್ಲ, 2012ರ 5.4 ಆವೃತ್ತಿಯಿಂದ ಪಿಎಚ್‌ಪಿಯೊಳಗೇ ಅಭ್ಯಾಸಕ್ಕೆಂದು ಒಂದು ಸಣ್ಣ ಸರ್ವರ್ ಇದೆ. 4 ಜಿಬಿ ಯಂತ್ರಕ್ಕೆ ಅದೇ ಸರಿ.

• ಎಡಿಟರುಗಳು ಸಾಯುತ್ತವೆ. ಅಡೋಬಿಯ ಬ್ರಾಕೆಟ್ಸ್‌ಗೆ 2021ರ ಸೆಪ್ಟೆಂಬರಿನಲ್ಲಿ ಆಸರೆ ನಿಂತಿತು. ಎಲೆಕ್ಟ್ರಾನ್ ಹುಟ್ಟಿದ್ದೇ ಯಾವುದರ ಸಲುವಾಗಿಯೋ ಆ ಆಟಮ್ 2022ರ ಡಿಸೆಂಬರ್ 15ಕ್ಕೆ ಮುಚ್ಚಿತು. ನಾನು ಆಟಮ್‌ನಲ್ಲಿ ಮೂರು ವರ್ಷ ಬೆರಳು ಪಳಗಿಸಿದ್ದೆ. ಅದಕ್ಕೆ, ಸ್ಪೇಸೋ ಟ್ಯಾಬೋ, ಸಾಲಿನ ಕೊನೆ ಹೇಗೆ ಎಂಬ ನಿಯಮಗಳನ್ನು ಎಡಿಟರಿನ ಸೆಟ್ಟಿಂಗಿನಲ್ಲಿ ಬಚ್ಚಿಡದೆ ಪ್ರಾಜೆಕ್ಟಿನೊಳಗೆ ‘ಎಡಿಟರ್‌ಕಾನ್ಫಿಗ್’ ಫೈಲಿನಲ್ಲಿ ಇಡು. ಎಡಿಟರ್ ಹೋದರೂ ನಿಯಮ ಉಳಿಯುತ್ತದೆ, ಪಕ್ಕದವರ ಎಡಿಟರ್ ಬೇರೆ ಇದ್ದರೂ ನಡೆಯುತ್ತದೆ.

• ಕಚೇರಿಯವರು ಪಿಎಚ್‌ಪಿಸ್ಟಾರ್ಮ್ ಕೊಟ್ಟರೆ ಸಂತೋಷದಿಂದ ಬಳಸು, ಅವರ ಯಂತ್ರದಲ್ಲಿ. ಮನೆಯ ಲ್ಯಾಪ್‌ಟಾಪಿಗೆ ಅದನ್ನು ಹೊರಿಸಬೇಡ.

• ಎಐ ಸಲಹೆಗಳನ್ನು ಮೊದಲ ಆರು ತಿಂಗಳು ಬಂದ್ ಮಾಡಿಡು. ಕೇಳಬೇಕೆನಿಸಿದಾಗ ಬೇರೆ ಕಿಟಕಿಯಲ್ಲಿ ಕೇಳು. ಬರೆಯುವ ಸಾಲಿನಲ್ಲೇ ಉತ್ತರ ಮೂಡುತ್ತಿದ್ದರೆ ಲೂಪಿನ ಕೊನೆಯಲ್ಲಿ ಎಲ್ಲಿ ತಪ್ಪುತ್ತೇನೆ ಎಂಬುದು ನಿನಗೆ ಎಂದೂ ತಿಳಿಯುವುದಿಲ್ಲ.

• ಎಡಿಟರಿನ ವೇಗ ಬೇರೆ, ಸೈಟಿನ ವೇಗ ಬೇರೆ. ನೀನು ಯಾವುದರಲ್ಲಿ ಬರೆದರೂ ಸರ್ವರಿಗೆ ಹೋಗುವುದು ಅಕ್ಷರಗಳ ಫೈಲು ಮಾತ್ರ. ಪುಟ ನಿಧಾನ ಅಂದರೆ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಪಟ್ಟಿ ತೆರೆ. ಕಲಂಗುಟ್ ಕಡೆಯ ಸೈಟುಗಳಲ್ಲಿ ನಾನು ಹೆಚ್ಚಾಗಿ ಕಂಡ ಕಾರಣ ಫೋಟೋ: ಕ್ಯಾಮೆರಾದಿಂದ ಇಳಿಸಿದ 5 ಎಂಬಿ ಚಿತ್ರವನ್ನು ಹಾಗೆಯೇ ಏರಿಸಿ, ಅಂಗೈ ಅಗಲಕ್ಕೆ ತೋರಿಸುವುದು. ಎರಡನೆಯದು ತಲೆಭಾಗದಲ್ಲೇ ಹತ್ತಾರು ಸ್ಕ್ರಿಪ್ಟು ಸೇರಿಸಿ ಪುಟವನ್ನು ತಡೆಯುವುದು. ‘ಡಿಫರ್’ ಎಂಬ ಒಂದು ಪದ ಸೇರಿಸಿದರೆ ಸ್ಕ್ರಿಪ್ಟು ಪುಟ ಓದಿ ಮುಗಿದ ಮೇಲೆ ಓಡುತ್ತದೆ.

ಮೂರನೆಯದು ನಾನೇ ಮಾಡಿದ ತಪ್ಪು. 18 ಕೋಣೆಯ ಒಂದು ಗೆಸ್ಟ್‌ಹೌಸಿಗೆ ತಿಂಗಳ ಖಾಲಿ-ಭರ್ತಿ ತೋರಿಸುವ ಪುಟ. ಕೋಣೆಗೊಂದು ಲೂಪು, ಅದರೊಳಗೆ ದಿನಕ್ಕೊಂದು ಲೂಪು, ಒಳಗೆ ಡೇಟಾಬೇಸಿಗೆ ಒಂದು ಪ್ರಶ್ನೆ. 18 ಸಲ 30, ಒಂದು ಪುಟಕ್ಕೆ 540 ಪ್ರಶ್ನೆ. ನನ್ನ ಯಂತ್ರದಲ್ಲಿ ಡೇಟಾಬೇಸು ಪಕ್ಕದಲ್ಲೇ ಇದ್ದುದರಿಂದ ಗೊತ್ತಾಗಲಿಲ್ಲ, ಡಿಸೆಂಬರಿನ ಗದ್ದಲದಲ್ಲಿ ಪುಟ ಮೇಲೇಳಲಿಲ್ಲ. ಎಕ್ಸ್‌ಡಿಬಗ್‌ನ ಪ್ರೊಫೈಲರ್ ಹಾಕಿ ನೋಡಿದಾಗ ಒಂದೇ ಫಂಕ್ಷನ್ನಿನ ಮುಂದೆ 540 ಎಂಬ ಅಂಕಿ ನಿಂತಿತ್ತು. ಇಡೀ ತಿಂಗಳನ್ನು ಒಂದೇ ಪ್ರಶ್ನೆಯಲ್ಲಿ ತಂದು ಪಿಎಚ್‌ಪಿಯಲ್ಲಿ ಹಂಚಿದೆ, ಪುಟ ಥಟ್ಟನೆ ಬಂತು. ನಿನ್ನ ಎಡಿಟರಿಗೆ ಎಕ್ಸ್‌ಡಿಬಗ್ ಜೋಡಿಸುವುದನ್ನು ಈ ತಿಂಗಳೇ ಕಲಿ, ಸಾಲು ಸಾಲಾಗಿ ನಿಲ್ಲಿಸಿ ನೋಡಬಹುದು. ಆದರೆ ಗಿರಾಕಿಯ ಸರ್ವರಿನಲ್ಲಿ ಅದನ್ನು ಹಾಕಿಡಬೇಡ, ಎಲ್ಲವನ್ನೂ ನಿಧಾನ ಮಾಡುತ್ತದೆ. ಒಂದು ಉದ್ಧರಣ ಚಿಹ್ನೆ ಬಳಸಿದರೆ ವೇಗ, ಎರಡು ಬಳಸಿದರೆ ನಿಧಾನ, ಎಕೋ ವೇಗ, ಪ್ರಿಂಟ್ ನಿಧಾನ ಎಂದು ವಾದ ಮಾಡುವವರ ಜೊತೆ ಹೊತ್ತು ಕಳೆಯಬೇಡ. 2015ರ ಕೊನೆಗೆ ಪಿಎಚ್‌ಪಿ 7 ಬಂದಾಗ, ಆವೃತ್ತಿ ಬದಲಿಸಿದ್ದಕ್ಕೇ ನನ್ನ ಸೈಟುಗಳು ಚುರುಕಾದವು. ಹಳೆಯ ಆವೃತ್ತಿಯಲ್ಲಿ ಕೂತಿರುವ ಗಿರಾಕಿಗೆ ಮೊದಲು ಅದನ್ನು ಹೇಳು, ಜೊತೆಗೆ ಆಪ್‌ಕ್ಯಾಷ್ ಚಾಲೂ ಇದೆಯೇ ನೋಡು.

• ಕೊನೆಗೆ ಎರಡು ಎಡಿಟರ್ ನಡುವೆ ಮನಸ್ಸು ಓಲಾಡುತ್ತಿದ್ದರೆ ಮೀಡಿಯಾವಿಕಿಯ ಮೂಲ ಕೋಡ್ ಇಳಿಸಿಕೋ. 2003ರಿಂದ ಇರುವ ಕನ್ನಡ ವಿಕಿಪೀಡಿಯ ಓಡುವುದು ಅದರ ಮೇಲೆ, ಅದು ಪಿಎಚ್‌ಪಿ, ಸಾವಿರಾರು ಫೈಲು. ಎರಡೂ ಎಡಿಟರಿನಲ್ಲಿ ಅದನ್ನು ತೆರೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಅಳತೆ ಬರೆದುಕೋ: ತೆರೆದು ಮೊದಲ ಅಕ್ಷರ ಹೊಡೆಯುವ ತನಕ ಎಷ್ಟು ಸೆಕೆಂಡು, ಇಡೀ ಪ್ರಾಜೆಕ್ಟಿನಲ್ಲಿ ಒಂದು ಪದ ಹುಡುಕಲು ಎಷ್ಟು, ಹತ್ತು ನಿಮಿಷದ ನಂತರ ಮೆಮೊರಿ ಎಷ್ಟು. ಪ್ರತಿಯೊಂದನ್ನೂ ಮೂರು ಸಲ ಮಾಡು, ಮೊದಲ ಸಲ ಡಿಸ್ಕಿನಿಂದ ಓದುವುದರಿಂದ ಯಾವಾಗಲೂ ತಡ. ಅದರಲ್ಲೇ ಕನ್ನಡ ಭಾಷೆಯ ಸಂದೇಶಗಳ ಫೈಲೂ ಇದೆ, ತೆರೆದು ಕರ್ಸರನ್ನು ಓಡಾಡಿಸು.

ಭಾನುವಾರ ಬರುವಾಗ ಆ ಮೂರು ಅಂಕಿ ಬರೆದ ಚೀಟಿ, ಲ್ಯಾಪ್‌ಟಾಪು, ಚಾರ್ಜರು ತಾ. ಕಡಲ ಗಾಳಿಗೆ ಚಾರ್ಜರಿನ ತುದಿ ಹಸಿರುಗಟ್ಟಿದೆ ಅಂದಿದ್ದೆಯಲ್ಲ, ಅದನ್ನೂ ಒರೆಸಿ ನೋಡೋಣ. ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ, ಹಿಂದಿನ ಮುಚ್ಚಳ ತೆಗೆದು ರ‍್ಯಾಮಿನ ಸ್ಲಾಟ್ ಖಾಲಿ ಇದೆಯೋ ಇಲ್ಲವೋ ನಿನ್ನ ಕೈಯಿಂದಲೇ ನೋಡುವೆಯಂತೆ.